ಬೆಟ್ಟದ ಬುಡದಲ್ಲಿ ಮಧ್ಯಾಹ್ನದ ಗುಡುಗು

ಮಕ್ಕಳೇ, ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಆಕಾಶವನ್ನು ಗಮನಿಸಿದ್ದೀರಾ? ಬೆಳಿಗ್ಗೆ ಸುಡುಬಿಸಿಲು, ಮಧ್ಯಾಹ್ನ ಹತ್ತಿಯ ರಾಶಿಯಂಥ ಮೋಡ, ಸಂಜೆ ಕೆಲವೊಮ್ಮೆ ಗುಡುಗು, ಮಿಂಚು, ಆಲಿಕಲ್ಲು. ಅಮೆರಿಕದ ಕೊಲರಾಡೊ ರಾಜ್ಯದಲ್ಲೂ ಬೇಸಿಗೆಯ ಎಷ್ಟೋ ದಿನಗಳು ಹೀಗೆಯೇ ಇರುತ್ತವೆ. ಅಲ್ಲಿ ಬೇಸಿಗೆಯೆಂದರೆ ಜೂನ್‌ನಿಂದ ಆಗಸ್ಟ್. ರಾಕಿ ಪರ್ವತಗಳು ಉತ್ತರ–ದಕ್ಷಿಣವಾಗಿ ಗೋಡೆಯಂತೆ ನಿಂತಿವೆ. ಅವುಗಳ ಪೂರ್ವಕ್ಕೆ ವಿಶಾಲವಾದ ಬಯಲು. ಆ ಬಯಲಿನ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ ಡೆನ್ವರ್ ನಗರವಿದೆ.

ಮೊದಲ ಮೋಡ ಬೆಟ್ಟದ ಮೇಲೆಯೇ ಏಕೆ?

ಬೆಳಗಿನ ಸೂರ್ಯನ ಬಿಸಿಲು ಬೆಟ್ಟದ ಪೂರ್ವದ ಇಳಿಜಾರಿಗೆ ನೇರವಾಗಿ ಬೀಳುತ್ತದೆ. ಕಾದ ನೆಲ ತನಗೆ ತಾಗಿದ ಗಾಳಿಯನ್ನೂ ಬಿಸಿ ಮಾಡುತ್ತದೆ. ಅಷ್ಟೇ ಎತ್ತರದಲ್ಲಿ ಬಯಲಿನ ಮೇಲಿರುವ ಗಾಳಿ ನೆಲದಿಂದ ದೂರವಿರುವುದರಿಂದ ತಂಪಾಗಿಯೇ ಇರುತ್ತದೆ. ಬಿಸಿಗಾಳಿ ಹಗುರ, ಅದು ಮೇಲೇರುತ್ತದೆ. ಅದರ ಜಾಗಕ್ಕೆ ಬಯಲಿನ ಗಾಳಿ ಇಳಿಜಾರನ್ನು ಹತ್ತುತ್ತಾ ಬರುತ್ತದೆ.

ಮೇಲೇರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಒಂದು ಹಂತದಲ್ಲಿ ಅದರಲ್ಲಿರುವ ನೀರಾವಿ ಹನಿಗಳಾಗಿ ಮೋಡ ಮೂಡುತ್ತದೆ. ಆವಿ ನೀರಾಗುವಾಗ ಶಾಖ ಹೊರಬರುತ್ತದೆ. ಆ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಬೆಳೆದ ಗುಡುಗು ಮೋಡ 10 ಕಿಲೋಮೀಟರಿಗಿಂತಲೂ ಎತ್ತರವಾಗಬಹುದು. ಸಾಮಾನ್ಯವಾಗಿ ಮೇಲ್ಮಟ್ಟದ ಪಶ್ಚಿಮದ ಗಾಳಿ ಈ ಮೋಡಗಳನ್ನು ಬಯಲಿನತ್ತ ಒಯ್ಯುತ್ತದೆ. ಆದ್ದರಿಂದಲೇ ಮಧ್ಯಾಹ್ನಕ್ಕೆ ಮುಂಚೆಯೇ ಶಿಖರದಿಂದ ಇಳಿಯಬೇಕೆಂದು ಅಲ್ಲಿನ ಚಾರಣಿಗರಿಗೆ ಹೇಳುತ್ತಾರೆ.

ಆಲಿಕಲ್ಲು ಹೇಗೆ ದಪ್ಪವಾಗುತ್ತದೆ?

ಮೋಡದೊಳಗಿನ ಬಲವಾದ ಮೇಲ್ಮುಖ ಗಾಳಿ ಮಂಜಿನ ಕಾಳನ್ನು ಬೀಳಲು ಬಿಡುವುದಿಲ್ಲ. ಅತಿ ತಣ್ಣಗಿನ ನೀರಹನಿಗಳು ಅದಕ್ಕೆ ತಾಗಿ ಹೆಪ್ಪುಗಟ್ಟುತ್ತವೆ. ಗಾಳಿ ಹೊರಲಾರದಷ್ಟು ತೂಕ ಬಂದಾಗ ಅದು ನೆಲಕ್ಕೆ ಬೀಳುತ್ತದೆ. ಡೆನ್ವರ್‌ನ ನೆಲವೇ ಎತ್ತರದಲ್ಲಿರುವುದರಿಂದ ದಾರಿಯಲ್ಲಿ ಕರಗಲು ಅದಕ್ಕೆ ಸಮಯ ಕಡಿಮೆ. 2017ರ ಮೇ 8ರಂದು ಅಲ್ಲಿ ಬಿದ್ದ ಆಲಿಕಲ್ಲು ಅಸಂಖ್ಯ ಮನೆಗಳ ಚಾವಣಿ ಮತ್ತು ವಾಹನಗಳನ್ನು ಹಾಳುಮಾಡಿತು.

ಮೋಡ ಕದಲದಿದ್ದರೆ?

1976ರ ಜುಲೈ 31ರ ಸಂಜೆ ಮೇಲ್ಮಟ್ಟದ ಗಾಳಿ ದುರ್ಬಲವಾಗಿತ್ತು. ಬಯಲಿನಿಂದ ತೇವದ ಗಾಳಿ ಬೆಟ್ಟ ಹತ್ತುತ್ತಲೇ ಇತ್ತು. ಗುಡುಗು ಮೋಡ ಬಿಗ್ ಥಾಂಪ್ಸನ್ ನದಿಯ ಕಣಿವೆಯ ಮೇಲೆಯೇ ನಿಂತುಬಿಟ್ಟಿತು. ಸುಮಾರು ನಾಲ್ಕು ಗಂಟೆಗಳಲ್ಲಿ 30 ಸೆಂಟಿಮೀಟರಿನಷ್ಟು ಮಳೆ ಸುರಿಯಿತು. ಅದು ಅಲ್ಲಿ ವರ್ಷವಿಡೀ ಬೀಳುವ ಮಳೆಯ ಸುಮಾರು ಮುಕ್ಕಾಲು ಪಾಲು! ಕಡಿದಾದ ಬಂಡೆಗಳಿಂದ ನೀರೆಲ್ಲ ಇಕ್ಕಟ್ಟಾದ ಕಣಿವೆಗೆ ಇಳಿಯಿತು. 144 ಜನ ಸತ್ತರು.

ಕಣಿವೆಯ ಕೆಳಭಾಗದಲ್ಲಿ ಮಳೆ ಹೆಚ್ಚಾಗಿರಲಿಲ್ಲ. ಆದ್ದರಿಂದ ಅಪಾಯ ಬರುತ್ತಿದೆಯೆಂದು ಅಲ್ಲಿದ್ದ ಹಲವರಿಗೆ ತಿಳಿಯಲೇ ಇಲ್ಲ. ಕಾರಿನಲ್ಲಿ ಕಣಿವೆಯ ರಸ್ತೆ ಹಿಡಿದು ಹೊರಟವರನ್ನು ನೀರು ಹಿಡಿಯಿತು. ಕಾರು ಬಿಟ್ಟು ಇಳಿಜಾರು ಹತ್ತಿದವರು ಬದುಕಿಕೊಂಡರು. ಮುಂದೆ ಕೊಲರಾಡೊದ ಕಣಿವೆಗಳಲ್ಲಿ, ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಎಂಬ ಫಲಕಗಳನ್ನು ನೆಟ್ಟರು.

ನಾವೂ ನೆನಪಿಡೋಣ

* ಬೆಟ್ಟದ ಕಡೆ ಕಪ್ಪು ಮೋಡ ಕಂಡರೆ, ನೀವಿರುವಲ್ಲಿ ಬಿಸಿಲಿದ್ದರೂ ಹಳ್ಳಕ್ಕೆ ಇಳಿಯಬೇಡಿ.
* ಹಳ್ಳದ ನೀರು ಒಮ್ಮೆಲೇ ಕೆಂಪಾದರೆ ಅಥವಾ ಏರಿದರೆ, ಹಳ್ಳದ ಗುಂಟ ಓಡದೆ ದಡದಿಂದ ಮೇಲಕ್ಕೆ ಹತ್ತಿ.
* ಗುಡುಗು ಕೇಳಿದ ಕೂಡಲೇ ಕಟ್ಟಡದೊಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ.

ಲೆಕ್ಕ ಹಾಕಿ: ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ತರಗತಿಯೊಳಗೆ ಕುಳಿತಿರುವಾಗ ಮಿಂಚು ಕಂಡು 12 ಸೆಕೆಂಡಿನ ನಂತರ ಗುಡುಗು ಕೇಳಿತು. ಮಿಂಚು ಎಷ್ಟು ದೂರದಲ್ಲಿ ಹೊಡೆಯಿತು? ಈಗ ಆಟದ ಮೈದಾನಕ್ಕೆ ಹೋಗಬಹುದೇ? ಏಕೆ? ಗೆಳೆಯರೊಂದಿಗೆ ಚರ್ಚಿಸಿ.