ತೂಕಕ್ಕಿಂತ ಸೊಂಟದ ಅಳತೆ ಮುಖ್ಯ: ಇನ್ಸುಲಿನ್ ಮತ್ತು ಕೊಬ್ಬಿನ ನಂಟು

2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಭಾವಚಿತ್ರಗಳು ಅಕ್ಕಪಕ್ಕದಲ್ಲಿ ಪ್ರಕಟವಾದವು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ ಇಬ್ಬರಲ್ಲಿಯೂ 22.3. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಇದ್ದದ್ದು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯರನ್ನೂ ಮಧುಮೇಹ ಏಕೆ ಕಾಡುತ್ತದೆ ಎಂಬ ಪ್ರಶ್ನೆಗೆ ಈ ಚಿತ್ರದಲ್ಲಿ ಒಂದು ಸುಳಿವಿದೆ.

ಉಗ್ರಾಣದ ಲೆಕ್ಕ

ಊಟದ ನಂತರ ರಕ್ತದಲ್ಲಿ ಗ್ಲುಕೋಸ್ ಏರಿದಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತದೆ. ಅದರ ಸೂಚನೆಯಂತೆ ಸ್ನಾಯುಗಳು ಗ್ಲುಕೋಸನ್ನು ಹೀರಿಕೊಳ್ಳುತ್ತವೆ. ಯಕೃತ್ತು ತಾನು ಗ್ಲುಕೋಸ್ ಬಿಡುವುದನ್ನು ತಗ್ಗಿಸುತ್ತದೆ. ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ಬಿಗಿಹಿಡಿಯುತ್ತವೆ. ಹೊಟ್ಟೆ ಹಸಿದಾಗ ಇನ್ಸುಲಿನ್ ತಗ್ಗಿ ಆ ದಾಸ್ತಾನು ಹೊರಬರುತ್ತದೆ.

ತೊಗಲಿನ ಕೆಳಗಿನ ಉಗ್ರಾಣ ತುಂಬಿದ ಮೇಲೂ ಕೊಬ್ಬು ಬರುತ್ತಲೇ ಇದ್ದರೆ ಅದು ಯಕೃತ್ತಿನಲ್ಲಿ, ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುತ್ತದೆ. ಆಗ ಯಕೃತ್ತು ಇನ್ಸುಲಿನ್ ಮಾತಿಗೆ ಕಿವಿಗೊಡುವುದಿಲ್ಲ. ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸ್ರವಿಸಿ ಕ್ರಮೇಣ ದಣಿಯುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಈ ಸ್ಥಿತಿ ಕಡಿಮೆ ತೂಕಕ್ಕೇ ಎದುರಾಗುತ್ತದೆ.

ಇನ್ಸುಲಿನ್ ಇಳಿಸಿದರೆ ಸಾಕೆ?

ಹಾಗಾದರೆ ಅನ್ನ, ಮುದ್ದೆ, ರೊಟ್ಟಿ ಬಿಟ್ಟು ಇನ್ಸುಲಿನ್ ಇಳಿಸಿದರೆ ಕೊಬ್ಬು ತಾನಾಗಿ ಕರಗುವುದೆ? ಈ ವಾದವನ್ನು ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಒರೆಗೆ ಹಚ್ಚಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ಥೂಲಕಾಯದ 19 ಮಂದಿಗೆ ಒಮ್ಮೆ ಶರ್ಕರಪಿಷ್ಟವನ್ನೂ ಇನ್ನೊಮ್ಮೆ ಕೊಬ್ಬನ್ನೂ ಕಡಿತಗೊಳಿಸಿ, ಸಮಾನ ಕ್ಯಾಲೊರಿಯ ಆಹಾರವನ್ನು ಆರಾರು ದಿನ ನೀಡಲಾಯಿತು. ಶರ್ಕರಪಿಷ್ಟ ತಗ್ಗಿಸಿದಾಗ ಇನ್ಸುಲಿನ್ ಸ್ರಾವ ಶೇ. 22ರಷ್ಟು ಇಳಿಯಿತು. ಆದರೂ ಕರಗಿದ ಕೊಬ್ಬು ದಿನಕ್ಕೆ 53 ಗ್ರಾಂ. ಆಹಾರದ ಕೊಬ್ಬು ತಗ್ಗಿಸಿದಾಗ 89 ಗ್ರಾಂ.

ಇದು ಅಲ್ಪಾವಧಿಯ ಪರೀಕ್ಷೆ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 609 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ ಎರಡೂ ಪಥ್ಯಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ: ಸರಾಸರಿ ಇಳಿಕೆ 5.3 ಮತ್ತು 6 ಕಿಲೊ. ಯಾರ ದೇಹ ಎಷ್ಟು ಇನ್ಸುಲಿನ್ ಸ್ರವಿಸುತ್ತದೆ ಎಂಬುದರಿಂದ ಅವರಿಗೆ ಯಾವ ಪಥ್ಯ ಒಗ್ಗುವುದೆಂದು ಹೇಳಲೂ ಆಗಲಿಲ್ಲ. ದೀರ್ಘಕಾಲ ಪಾಲಿಸಲು ಸಾಧ್ಯವಾಗುವ ಪಥ್ಯವೇ ಮೇಲು ಎಂಬುದು ಇದರಿಂದ ತಿಳಿಯಬೇಕಾದ ಸಂಗತಿ.

ಒಳಗಿನ ಕೊಬ್ಬು ಕರಗಿದಾಗ

ವಾಸ್ತವದಲ್ಲಿ ಕೊಬ್ಬು ಇಳಿದಂತೆ ಇನ್ಸುಲಿನ್‌ಗೆ ದೇಹದ ಸ್ಪಂದನ ಸುಧಾರಿಸುತ್ತದೆ. ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನದ 2017ರ ವರದಿ ಇದಕ್ಕೆ ನಿದರ್ಶನ. ಮಧುಮೇಹ ಬಂದು ಆರು ವರ್ಷ ಮೀರದ, ಇನ್ಸುಲಿನ್ ಚುಚ್ಚುಮದ್ದು ಪಡೆಯದ ರೋಗಿಗಳಿಗೆ ವೈದ್ಯಕೀಯ ನಿಗಾದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಆಹಾರ ಕೊಡಲಾಯಿತು. ವರ್ಷದ ಬಳಿಕ ಅವರಲ್ಲಿ ಶೇ. 46 ಮಂದಿ ಔಷಧವಿಲ್ಲದೆ ಮಧುಮೇಹದ ಮಿತಿಯಿಂದ ಕೆಳಗಿಳಿದಿದ್ದರು. 15 ಕಿಲೊ ಅಥವಾ ಹೆಚ್ಚು ತೂಕ ಇಳಿಸಿಕೊಂಡವರಲ್ಲಿ ಈ ಪ್ರಮಾಣ ಶೇ. 86.

ತೂಕದ ಜತೆಗೆ ಸ್ನಾಯುವೂ ಕರಗುವ ಅಪಾಯವಿದೆ. ಗ್ಲುಕೋಸನ್ನು ಹೆಚ್ಚಾಗಿ ಹೀರಿಕೊಳ್ಳುವ ಅಂಗಾಂಶವೇ ಸ್ನಾಯು. ಅದು ಸೊರಗಿದರೆ ಇಳಿದ ತೂಕದ ಲಾಭವೂ ಸೊರಗುತ್ತದೆ. ಆದ್ದರಿಂದ ಬೇಳೆ, ಕಾಳು, ಮೊಸರು, ಮೊಟ್ಟೆಗಳಂಥ ಪ್ರೋಟೀನ್ ಆಹಾರ ಹಾಗೂ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಅವಶ್ಯ.

ಅಳೆಯುವುದು ಹೇಗೆ?

ಭಾರತೀಯರಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕವೆಂದು ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. ತೂಕದ ಯಂತ್ರ ತೋರಿಸದ ಒಳಗೊಬ್ಬಿನ ಸುಳಿವನ್ನು ದರ್ಜಿಯ ಟೇಪು ಕೊಡಬಲ್ಲದು.

ಒಂದು ಎಚ್ಚರಿಕೆ: ಇನ್ಸುಲಿನ್ ಚುಚ್ಚುಮದ್ದು ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಏಕಾಏಕಿ ಊಟ ಕಡಿತಗೊಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತೂಕ ಹೆಚ್ಚುವ ಅಂಜಿಕೆಯಿಂದ ಚುಚ್ಚುಮದ್ದು ನಿಲ್ಲಿಸುವುದಂತೂ ಪ್ರಾಣಕ್ಕೇ ಕುತ್ತು. ಪಥ್ಯವಿರಲಿ, ಔಷಧವಿರಲಿ, ಬದಲಾವಣೆಗೆ ಮೊದಲು ವೈದ್ಯರ ಸಲಹೆ ಪಡೆಯುವುದು ಕ್ಷೇಮ.