ಅಕ್ಷಯಪಾತ್ರೆಯ ಲೆಕ್ಕ

ಪುರಾಣ ಕೇಳುವಾಗ ನಡುವೆ ಪ್ರಶ್ನೆ ಮಾಡುವ ಮಕ್ಕಳನ್ನು ಗದರಿಸಿ ಕೂಡಿಸುವುದು ನಮ್ಮ ಅನೇಕ ಮನೆಗಳ ವಾಡಿಕೆ. ಹಾಗೆ ಮಾಡಲಾಗದು. ಕಥೆಯ ಲೆಕ್ಕ ಕೇಳುವವನು ಅದನ್ನು ಮನಗೊಟ್ಟು ಕೇಳಿದವನೇ ಸರಿ.

ಹಾನಗಲ್ಲನ್ನು ಹಳೆಯ ಶಾಸನಗಳು ವಿರಾಟನ ಕೋಟೆಯೆಂದು ಕರೆದಿವೆ. ಪಾಂಡವರು ಅಜ್ಞಾತವಾಸ ಕಳೆದುದು ಅಲ್ಲಿಯೇ ಎಂದು ಆ ಸೀಮೆಯ ಜನರು ನಂಬುವರು. "ಅಕ್ಷಯಪಾತ್ರೆ ಇರಲು ಭೀಮನು ವಿರಾಟನ ಅಡಿಗೆಮನೆಯಲ್ಲಿ ವಲಲನಾಗಿ ದುಡಿದುದೇಕೆ?" ಎಂದು ಮಗು ಕೇಳೀತು. ಉತ್ತರವುಂಟು. ಸೂರ್ಯನ ವರಕ್ಕೆ 12 ವರ್ಷಗಳ ಅವಧಿ. ದ್ರೌಪದಿಯ ಊಟವಾದೊಡನೆ ಆ ದಿನಕ್ಕೆ ಪಾತ್ರೆ ಬರಿದು. 13ನೆಯ ವರ್ಷದಲ್ಲಿ ರಾಜಪುತ್ರರೂ ಊಳಿಗದ ಅನ್ನವನ್ನೇ ಉಣ್ಣಬೇಕಾಯಿತು. ವರಕ್ಕೆ ಮಿತಿಯಿಲ್ಲದಿದ್ದರೆ ಕಥೆಯಲ್ಲಿ ಕಷ್ಟವೆಲ್ಲಿಯದು?

ಹೀಗೆ ಕೇಳುತ್ತ ಕೇಳುತ್ತ ಕೆಲವರು ಕಥೆಯನ್ನೇ ಬೆಳೆಸುವರು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ವಾಲ್ಮೀಕಿ ಹೇಳದ ಸಂಗತಿಯೊಂದನ್ನು ಹೇಳಿದರು. ನೆಲ್ಲಿಗೂ ನರೆದಲೆಗನೆಂಬ ರಾಗಿಗೂ ತಾನು ಹೆಚ್ಚು, ತಾನು ಹೆಚ್ಚು ಎಂಬ ವ್ಯಾಜ್ಯ. ರಾಮನು ಎರಡನ್ನೂ 6 ತಿಂಗಳು ಸೆರೆಯಲ್ಲಿರಿಸಿದನು. ನೆಲ್ಲು ಕಂದಿತು, ರಾಗಿ ಕೆಡದೆ ಉಳಿದು ರಾಘವನ ಹೆಸರನ್ನೇ ಪಡೆಯಿತು.

ಧಾನ್ಯಗಳು ವಾದಿಸುವುದು ಕಲ್ಪನೆ. ತೀರ್ಪು ಮಾತ್ರ ಕಣಜದ್ದು. ಹುಳು ಹತ್ತದೆ ವರ್ಷಗಟ್ಟಲೆ ಬಾಳುವ ರಾಗಿಯು ಬರಗಾಲದಲ್ಲಿ ಬಡವರ ಜೀವವೆಂಬುದನ್ನು ಯಾವ ಗೃಹಿಣಿ ಅರಿಯಳು? ಶ್ರೀಮಂತರು ಕಡೆಗಣಿಸಿದ ಕಾಳಿಗೆ ಸಭೆಯಲ್ಲಿ ಮರ್ಯಾದೆ ಸಂದುದು ಇಂತಹ ಲೆಕ್ಕದಿಂದಲೇ.

ಆದುದರಿಂದ ಮನೆಯ ಹಿರಿಯರೇ, ಮಗು ಕೇಳಿದಾಗ ಉತ್ತರ ಹೇಳಿರಿ. ತಿಳಿಯದಿದ್ದರೆ ಗ್ರಂಥವನ್ನು ತೆರೆದು ಜೊತೆಗೂಡಿ ಹುಡುಕಿರಿ.