“ಐಎಸ್ಒ ಹಾಕೀನ್ರಿ, ಬೂಟ್ ಆಗವಲ್ದು”

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಬ್ಯಾಡಗಿಯ ದಲಾಲಿ ಅಂಗಡಿಯ ಲೆಕ್ಕದ ಕಂಪ್ಯೂಟರ್ ಇರಲಿ, ಕರ್ಜಗಿಯ ಮನೆಯೊಂದರಲ್ಲಿ ಮಕ್ಕಳ ಓದಿಗೆಂದು ಇಟ್ಟ ಹಳೆಯ ಲ್ಯಾಪ್‌ಟಾಪ್ ಇರಲಿ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದಿದ್ದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗದು. ಗುಜರಿಗೆ ಹಾಕುವ ಮುಂಚೆ ಲಿನಕ್ಸ್ ಹಾಕಿ ನೋಡಬಹುದು. ಜನ ಎಡವುವುದು ಅದಕ್ಕೆ ಬೇಕಾದ, ಬೂಟ್ ಆಗುವ ಪೆನ್ ಡ್ರೈವ್ ತಯಾರಿಸುವಾಗ.

ಇಳಿಸಿಕೊಂಡ ಐಎಸ್ಒ ಫೈಲನ್ನು ಪೆನ್ ಡ್ರೈವಿಗೆ ಕಾಪಿ ಮಾಡಿದರೆ ಸಾಕು ಎಂಬುದೇ ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ಸಾಲದು. ಐಎಸ್ಒ ಎಂದರೆ ಇಡೀ ಡಿಸ್ಕಿನ ಪಡಿಯಚ್ಚು. ಅದನ್ನು ಹಾಗೇ ಕಾಪಿ ಮಾಡಿದರೆ ಸಿನಿಮಾ, ಫೋಟೋಗಳ ನಡುವೆ ಅದೂ ಒಂದು ಫೈಲಾಗಿ ಬಿದ್ದಿರುತ್ತದೆ. ಕಂಪ್ಯೂಟರ್ ಚಾಲೂ ಆಗುವಾಗ ಹುಡುಕುವ ಬೂಟ್ ಫೈಲುಗಳು ಅದರ ಹೊಟ್ಟೆಯೊಳಗೇ ಉಳಿಯುತ್ತವೆ.

ಹಾಗಾದರೆ ಯಾವುದಾದರೂ ಸಾಫ್ಟ್‌ವೇರಿನಿಂದ ಬರೆದರಾಯಿತೇ? ಇಲ್ಲೂ ಒಂದು ತೊಡಕಿದೆ. ಲಿನಕ್ಸಿನ ಬಗೆಗಳಾದ ಉಬುಂಟು, ಮಿಂಟ್, ಡೆಬಿಯನ್‌ಗಳ ಐಎಸ್ಒಗಳನ್ನು ಸಿಡಿಗೂ ಪೆನ್ ಡ್ರೈವಿಗೂ ಹೊಂದುವಂತೆ ಕಟ್ಟಿರುತ್ತಾರೆ. ಬಲೇನಾ ಎಚರ್ ಎಂಬ ಸಾಫ್ಟ್‌ವೇರ್ ಅವನ್ನು ಬೈಟಿಗೆ ಬೈಟು ಬರೆದರೆ ಬೂಟ್ ಆಗುತ್ತವೆ. ವಿಂಡೋಸ್ ಐಎಸ್ಒ ಹಾಗಿಲ್ಲ. ಅದನ್ನು ಬರೆಯಲು ರೂಫಸಿನಂಥ ಸಾಫ್ಟ್‌ವೇರ್ ಬೇಕು, ಇಲ್ಲವೇ ಮೈಕ್ರೋಸಾಫ್ಟಿನದೇ ಮೀಡಿಯಾ ಕ್ರಿಯೇಷನ್ ಟೂಲಿನಿಂದ ನೇರವಾಗಿ ಪೆನ್ ಡ್ರೈವ್ ತಯಾರಿಸಬೇಕು. ಫ್ಯಾಟ್32 ಪೆನ್ ಡ್ರೈವಿನಲ್ಲಿ 4 ಜಿಬಿ ದಾಟಿದ ಫೈಲು ಹಿಡಿಯುವುದಿಲ್ಲ, ಈಗಿನ ವಿಂಡೋಸ್ ಐಎಸ್ಒಗಳಲ್ಲಿ ಇನ್‌ಸ್ಟಾಲ್.ವಿಮ್ ಫೈಲೊಂದೇ ಆ ಗಡಿ ದಾಟುವುದುಂಟು. ಐಎಸ್ಒ ಬಿಚ್ಚಿ ಒಳಗಿನ ಫೈಲುಗಳನ್ನು ಕೈಯಾರೆ ಕಾಪಿ ಮಾಡುವ ಉಪಾಯ ಒಬ್ಬರಿಗೆ ಫಲಿಸಿ ಇನ್ನೊಬ್ಬರಿಗೆ ಕೈಕೊಡುವುದು ಇದರಿಂದಲೇ.

ಲಿನಕ್ಸ್ ಐಎಸ್ಒ ಬರೆದ ಮೇಲೆ “ಪೆನ್ ಡ್ರೈವ್ ಕೆಟ್ಟುಹೋತು, ಬರೇ 4 ಎಂಬಿ ತೋರಿಸ್ತದ” ಎನ್ನುವವರೂ ಇದ್ದಾರೆ. ಕೆಟ್ಟಿಲ್ಲ. ವಿಂಡೋಸಿಗೆ ಸಣ್ಣದೊಂದು ಭಾಗ ಮಾತ್ರ ಕಾಣುತ್ತಿದೆ, ಅಷ್ಟೆ. ರೂಫಸಿನಲ್ಲೇ ‘ನಾನ್ ಬೂಟೇಬಲ್’ ಆರಿಸಿ ಫಾರ್ಮ್ಯಾಟ್ ಹೊಡೆದರೆ ಪೂರ್ತಿ ಜಾಗ ವಾಪಸ್ ಬರುತ್ತದೆ.

ಪೆನ್ ಡ್ರೈವ್ ಚುಚ್ಚಿದ ತಕ್ಷಣ ಹಾರ್ಡ್‌ಡಿಸ್ಕ್ ಅಳಿಸಿಹೋಗುತ್ತದೆ ಎಂಬ ಭಯಕ್ಕೂ ಕಾರಣವಿಲ್ಲ. ಐಎಸ್ಒ ಬರೆಯುವಾಗ ಅಳಿಯುವುದು ಪೆನ್ ಡ್ರೈವಿನಲ್ಲಿದ್ದದ್ದು. ಉಬುಂಟು, ಮಿಂಟ್‌ಗಳನ್ನಂತೂ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಓಡಿಸಿ, ವೈಫೈ, ಪ್ರಿಂಟರ್ ನಡೆಯುತ್ತವೆಯೇ ನೋಡಬಹುದು. ಡೇಟಾಕ್ಕೆ ಅಪಾಯ ಬರುವುದು ಇನ್‌ಸ್ಟಾಲ್ ಒತ್ತಿ, ಡಿಸ್ಕ್ ಆರಿಸುವ ಪರದೆಯಲ್ಲಿ.

ಗೆಳೆಯರು ಕೊಟ್ಟ, ಟೆಲಿಗ್ರಾಮಿನಲ್ಲಿ ಸಿಕ್ಕ ಐಎಸ್ಒಗಳನ್ನು ನಾನು ನಂಬುವುದಿಲ್ಲ. ಮೂಲ ತಾಣದಿಂದಲೇ ಇಳಿಸಿಕೊಂಡು, ಅಲ್ಲಿ ಕೊಟ್ಟ ಎಸ್ಎಚ್ಎ256 ಸಂಖ್ಯೆಗೆ ನಿಮ್ಮ ಫೈಲಿನ ಸಂಖ್ಯೆಯನ್ನು ತಾಳೆ ನೋಡಿ. ವಿಂಡೋಸಿನ ಸರ್ಟ್‌ಯುಟಿಲ್ ಆಜ್ಞೆಯಿಂದಲೇ ಅದಾಗುತ್ತದೆ.

ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ ಎಂಬುದೂ ಸುಳ್ಳು. ನುಡಿ ಕೀಲಿಮಣೆಗೆ ಕೈ ಕೂತವರಿಗೆ ಲಿನಕ್ಸಿನ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಅದೇ ಕೆಜಿಪಿ ವಿನ್ಯಾಸ ಸಿಗುತ್ತದೆ. ಆದರೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ನಡೆಯುವುದು ವಿಂಡೋಸಿನಲ್ಲಿ. ಲೆಕ್ಕವೆಲ್ಲ ಟ್ಯಾಲಿಯಲ್ಲೇ ಇರುವ ಅಂಗಡಿಯವರು ಆ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಗೋಜಿಗೆ ಹೋಗಬೇಡಿ.